ಹವಳದ ದಿಬ್ಬಗಳ ಜಲಾಂತರ್ಗತ ವಿಡಿಯೊ ವೀಕ್ಷಣೆ

ಉಷ್ಣವಲಯದ ಆಳವಿಲ್ಲದ ಕಡಲುಗಳಲ್ಲಿ ಹವಳದ ಜೀವಿಗಳು ಸಹಸ್ರಾರು ವರ್ಷಗಳಿಂದ ಕಟ್ಟಿಕೊಂಡು ಬಂದಿರುವ ಸುಣ್ಣಕಲ್ಲಿನ ದಿಬ್ಬಗಳಲ್ಲಿಯೂ, ಅವುಗಳನ್ನು ಆಶ್ರಯಿಸಿರುವ ಮೀನು, ಪಾಚಿ, ಸ್ಪಂಜು, ಚಿಪ್ಪುಜೀವಿ ಮೊದಲಾದುವುಗಳ ಸಮುದಾಯದಲ್ಲಿಯೂ ಕಾಲಕ್ರಮೇಣ ಉಂಟಾಗುವ ವ್ಯತ್ಯಾಸಗಳನ್ನು, ನೀರಿನೊಳಕ್ಕೆ ವಿಡಿಯೊ ಕ್ಯಾಮೆರಾವನ್ನು ಒಯ್ದು, ಗೊತ್ತುಮಾಡಿಕೊಂಡ ಸ್ಥಳದಲ್ಲಿ ಗೊತ್ತುಮಾಡಿಕೊಂಡ ಕ್ರಮದಂತೆ ವರ್ಷ ವರ್ಷವೂ ಚಿತ್ರಿಸಿ, ಆ ಚಿತ್ರಗಳಿಂದ ಅಂಕಿಗಳನ್ನು ತೆಗೆದು ಒಂದಕ್ಕೊಂದು ತಾಳೆ ನೋಡುವ ವಿಧಾನವನ್ನು ಈ ಹೆಸರಿನಿಂದ ಕರೆಯಬಹುದು. ಕಡಲಿನೊಳಗಣ ಸೊಬಗನ್ನು ತೋರಿಸುವ ಚಲಚ್ಚಿತ್ರಗಳಿಗೂ ಇದಕ್ಕೂ ಉಪಕರಣ ಒಂದೇ ಆದರೂ ಉದ್ದೇಶ ಬೇರೆ. ಅಲ್ಲಿ ಛಾಯಾಗ್ರಾಹಕನು ಕಣ್ಣಿಗೆ ಹಬ್ಬವಾದದ್ದನ್ನು ಆರಿಸಿಕೊಳ್ಳುತ್ತಾನೆ. ಇಲ್ಲಿ ಆರಿಸುವ ಸ್ವಾತಂತ್ರ್ಯವನ್ನೇ ಆತನು ಮೊದಲು ಬಿಟ್ಟುಕೊಡಬೇಕಾಗುತ್ತದೆ.

ಹವಳವೆಂದೊಡನೆ ಹಿರೇನಲ್ಲೂರು, ಕಡೂರು, ಅಜ್ಜಂಪುರಗಳಂಥ ಒಳನಾಡಿನ ಊರುಗಳ ಓದುಗರಿಗೆ ನೆನಪಾಗುವುದು ಅಕ್ಕಸಾಲಿಯ ಅಂಗಡಿಯ ಕೆಂಪು ಮಣಿ. ಆ ಕೆಂಪು ಹವಳವು ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದಿಂದ ಬರುವಂಥದು. ದಿಬ್ಬ ಕಟ್ಟುವ ಹವಳಗಳಿಗೂ ಅದಕ್ಕೂ ಇರುವುದು ದೂರದ ದಾಯಾದಿತನ ಮಾತ್ರ. ದಿಬ್ಬದ ಹವಳವು ಪಾಲಿಪ್ ಎಂಬ ಪುಟ್ಟ ಮೃದುಜೀವಿಗಳ ವಸಾಹತು. ಪ್ರತಿಯೊಂದು ಪಾಲಿಪ್ಪೂ ತನ್ನ ಅಡಿಯಲ್ಲಿ ಸುಣ್ಣದ ಬಟ್ಟಲೊಂದನ್ನು ಸ್ರವಿಸಿಕೊಳ್ಳುತ್ತದೆ. ಅದರ ಅಂಗಾಂಶದೊಳಗೆ ಏಕಕೋಶದ ಪಾಚಿಗಳು ವಾಸವಾಗಿದ್ದು, ಸೂರ್ಯನ ಬೆಳಕಿನಿಂದ ಆಹಾರವನ್ನು ತಯಾರಿಸಿ ಅದರ ಬಹುಭಾಗವನ್ನು ಆಶ್ರಯದಾತನಿಗೆ ಸಲ್ಲಿಸುತ್ತವೆ. ಹವಳದ ಬಣ್ಣವೂ ಬಹುಪಾಲು ಈ ಪಾಚಿಗಳದ್ದೇ. ಕಡಲನೀರಿನ ಶಾಖವು ಆಯಾ ಸ್ಥಳದ ಬೇಸಗೆಯ ವಾಡಿಕೆಯ ಮಟ್ಟಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿ ಕೆಲವು ವಾರಗಳ ಕಾಲ ನಿಂತರೆ ಈ ಸಹವಾಸ ಮುರಿದುಬೀಳುತ್ತದೆ. ಪಾಚಿಗಳು ಹೊರದೂಡಲ್ಪಟ್ಟು, ಪಾರದರ್ಶಕವಾದ ಅಂಗಾಂಶದ ಮೂಲಕ ಅಡಿಯ ಸುಣ್ಣದ ಕಂಕಾಲ ಬೆಳ್ಳಗೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಬಿಳಿಚುವಿಕೆ ಎಂದು ಹೆಸರು. ಬಿಳಿಚಿದ ಹವಳವು ಆ ಕ್ಷಣಕ್ಕೆ ಇನ್ನೂ ಜೀವಂತವಾಗಿಯೇ ಇದ್ದು, ಶಾಖವು ಬೇಗನೆ ತಗ್ಗಿದರೆ ಪಾಚಿಗಳನ್ನು ಮರಳಿ ಪಡೆದು ಚೇತರಿಸಿಕೊಳ್ಳುವುದೂ ಉಂಟು; ತಗ್ಗದಿದ್ದಲ್ಲಿ ಸಾಯುತ್ತದೆ. ಜಗದ್ವ್ಯಾಪಿಯಾದ ಇಂಥ ಬಿಳಿಚುವಿಕೆಗಳು 1998, 2010, 2014ರಿಂದ 2017 ಮತ್ತು 2023ರಿಂದೀಚೆಗೆ, ಹೀಗೆ ನಾಲ್ಕು ಬಾರಿ ಸಂಭವಿಸಿವೆ.

ಹವಳವೊಂದು ಬಿಳಿಚುವುದು ವಾರಗಳ ಮಾತು. ಸತ್ತ ದಿಬ್ಬ ಮತ್ತೆ ಮೈದುಂಬಿಕೊಳ್ಳುವುದು ಹತ್ತಾರು ವರ್ಷಗಳ ಮಾತು. ಗುಂಡುಬಂಡೆಯ ಆಕಾರದ ಪೋರೈಟಿಸ್ ಜಾತಿಯ ಹವಳವು ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿ ಬೆಳೆಯುವುದಾದಕಾರಣ, ಮನುಷ್ಯನ ನೆನಪನ್ನು ನಂಬಿ ಅದರ ಏಳುಬೀಳುಗಳನ್ನು ಬರೆದಿಡಲು ಹೊರಟರೆ ಫಲವಿಲ್ಲ. ಪ್ರತಿಯೊಂದು ಪೀಳಿಗೆಯೂ ತಾನು ಎಳವೆಯಲ್ಲಿ ಕಂಡ ಕಡಲನ್ನೇ ಸಹಜಸ್ಥಿತಿಯೆಂದು ಭಾವಿಸಿ, ಅದಕ್ಕೆ ಮುನ್ನ ಕಳೆದುಹೋದುದನ್ನು ನಷ್ಟದ ಲೆಕ್ಕಕ್ಕೆ ಹಿಡಿಯುವುದೇ ಇಲ್ಲವೆಂದು ಮತ್ಸ್ಯವಿಜ್ಞಾನಿ ಡೇನಿಯಲ್ ಪಾಲಿ 1995ರಲ್ಲಿ ತೋರಿಸಿಕೊಟ್ಟರು. ಈ ಮರೆವಿಗೆ ಪ್ರತಿಯಾಗಿ ನಿಲ್ಲಬಲ್ಲ ದಾಖಲೆ ಬೇಕು. ಅದು ನೋಡಿದವನ ಅಭಿಪ್ರಾಯವನ್ನು ಹೇಳದೆ ನೋಡಿದ ವಸ್ತುವನ್ನೇ ಮುಂದಿಡುವಂಥದಾಗಿರಬೇಕು. ವಿಡಿಯೊವಿನ ಮುಖ್ಯ ಪ್ರಯೋಜನ ಇಲ್ಲಿದೆ. ನೀರಿನಲ್ಲಿ ಮುಳುಗಿ ಹಲಗೆಯ ಮೇಲೆ ಸೀಸದಕಡ್ಡಿಯಿಂದ ಗುರುತು ಹಾಕಿಕೊಂಡ ವಿಜ್ಞಾನಿಯು ಅಂದು ಕೇಳಿಕೊಂಡ ಪ್ರಶ್ನೆಗೆ ಮಾತ್ರ ಉತ್ತರವನ್ನು ತರುತ್ತಾನೆ. ವಿಡಿಯೊ ಸುರುಳಿಯಾದರೋ, ಅಂದು ಯಾರಿಗೂ ಹೊಳೆಯದಿದ್ದ ಪ್ರಶ್ನೆಯನ್ನು ಇಪ್ಪತ್ತು ವರ್ಷಗಳ ತರುವಾಯ ಕೇಳಿದರೂ ಉತ್ತರ ಕೊಡಬಲ್ಲುದು.

ನೀರಿನೊಳಗೆ ಛಾಯಾಚಿತ್ರ ತೆಗೆಯುವ ಪ್ರಯತ್ನ ಹಳೆಯದು. ಫ್ರಾನ್ಸಿನ ಲೂಯಿ ಬೂತಾನ್ 1893ರಲ್ಲಿಯೇ ಬಾನ್ಯುಲ್ಸ್ ಎಂಬ ಕಡಲೂರಿನ ಬಳಿ ಇಂಥ ಚಿತ್ರಗಳನ್ನು ತೆಗೆದನು. ಆದರೆ ಮುಳುಗುಗಾರನಿಗೆ ಮೇಲಿನ ದೋಣಿಯಿಂದ ಗಾಳಿಯ ಕೊಳವೆ ಇಳಿಬಿಡಬೇಕಾಗಿದ್ದ ಕಾಲದಲ್ಲಿ ಈ ಕೆಲಸವು ವಿನೋದದ ಮಟ್ಟವನ್ನು ಮೀರಲಾರದೆ ಇತ್ತು. 1943ರಲ್ಲಿ ಝಾಕ್ ಕೂಸ್ತೋ ಮತ್ತು ಎಮಿಲ್ ಗಾನ್ಯಾ ಇಬ್ಬರೂ ಸೇರಿ, ಬೆನ್ನಿಗೆ ಕಟ್ಟಿಕೊಂಡ ಸಿಲಿಂಡರಿನಿಂದ ಬೇಕಾದಾಗ ಬೇಕಾದಷ್ಟು ಗಾಳಿಯನ್ನು ಒದಗಿಸುವ ಉಪಕರಣವನ್ನು ರೂಪಿಸಿದ ಮೇಲೆ ಕಡಲಿನ ತಳ ಮನುಷ್ಯನ ಕೈಗೆ ಸಿಕ್ಕಿತು. 1951ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಮುಳುಗಿದ ಅಫ್ರೇ ಎಂಬ ಬ್ರಿಟಿಷ್ ಜಲಾಂತರ್ಗಾಮಿಯನ್ನು ಗುರುತಿಸಲು ನೀರೊಳಗಣ ಟೆಲಿವಿಷನ್ ಕ್ಯಾಮೆರಾ ಸಹಾಯಕವಾಯಿತು. ಅದರ ಮರುವರ್ಷವೇ ಹೆರಾಲ್ಡ್ ಬಾರ್ನ್ಸ್ ಎಂಬ ಸಮುದ್ರಜೀವಿಶಾಸ್ತ್ರಜ್ಞರು ಇದೇ ಸಾಧನವನ್ನು ಜೀವಿಗಳ ಅಧ್ಯಯನಕ್ಕೆ ಬಳಸುವ ಬಗೆಯನ್ನು ಕುರಿತು ಬರೆದರು. 1960ರ ದಶಕದಲ್ಲಿ ಬಹಾಮಾಸ್ ದ್ವೀಪಸ್ತೋಮದ ಬಿಮಿನಿಯಲ್ಲಿ ಕಡಲಿನ ತಳದಲ್ಲಿಯೇ ಕ್ಯಾಮೆರಾವನ್ನು ನೆಟ್ಟು ದಡದಲ್ಲಿ ಕುಳಿತು ಮೀನುಗಳ ಚಲನವಲನವನ್ನು ನೋಡುವ ವ್ಯವಸ್ಥೆಯಾಯಿತು. ಇವೆಲ್ಲ ಭಾರಿ ಯಂತ್ರಗಳ ಕಾಲದ ಸಾಹಸಗಳು. ಕೈಯಲ್ಲಿ ಹಿಡಿದುಕೊಳ್ಳಬಹುದಾದ ಪುಟ್ಟ ವಿಡಿಯೊ ಕ್ಯಾಮೆರಾ 1980ರ ದಶಕದಲ್ಲಿ ಸಾಮಾನ್ಯವಾದ ಬಳಿಕವೇ ದಿಬ್ಬಗಳನ್ನು ವರ್ಷಂಪ್ರತಿ ಚಿತ್ರಿಸುವ ಕಾರ್ಯವು ಸಂಸ್ಥೆಗಳ ದಿನಚರಿಗೆ ಸೇರಿತು.

ಈ ದಿನಚರಿಗೆ ಮಾದರಿಯನ್ನು ಹಾಕಿಕೊಟ್ಟವರಲ್ಲಿ ಮುಖ್ಯರಾದವರು ಟೌನ್ಸ್‌ವಿಲ್ ನಗರದ ಬಳಿಯ ಆಸ್ಟ್ರೇಲಿಯಾ ಸಮುದ್ರವಿಜ್ಞಾನ ಸಂಸ್ಥೆಯವರು. ಮಹಾ ತಡೆದಿಬ್ಬ ಎನ್ನಿಸಿಕೊಂಡ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 1990ರ ದಶಕದ ಆದಿಯಿಂದ ಅವರು ನಡೆಸಿದ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ದಿಬ್ಬವೊಂದರ ಈಶಾನ್ಯ ಮಗ್ಗುಲಿನಲ್ಲಿ, ಆರರಿಂದ ಒಂಬತ್ತು ಮೀಟರ್ ಆಳದಲ್ಲಿ ಮೂರು ನೆಲೆಗಳು; ನೆಲೆಯೊಂದಕ್ಕೆ ಐವತ್ತು ಮೀಟರ್ ಉದ್ದದ ಐದು ರೇಖೆಗಳು; ರೇಖೆಯ ಜಾಡು ತಪ್ಪದಂತೆ ಬಂಡೆಗೆ ಹೊಡೆದ ಕಬ್ಬಿಣದ ಗೂಟಗಳು. ಮುಳುಗುಗಾರರಲ್ಲಿ ಒಬ್ಬನು ಗೂಟದಿಂದ ಗೂಟಕ್ಕೆ ಅಳತೆಯ ಟೇಪನ್ನು ಎಳೆಯುತ್ತಾನೆ. ಇನ್ನೊಬ್ಬನು ಕ್ಯಾಮೆರಾವನ್ನು ಹವಳದ ಮೇಲೆ ಗೇಣುದ್ದಕ್ಕೆ ತುಸು ಹೆಚ್ಚಾದ ಎತ್ತರದಲ್ಲಿ ನೆಟ್ಟಗೆ ಕೆಳಮುಖವಾಗಿ ಹಿಡಿದು, ಕಾಲಿನ ಈಜುರೆಕ್ಕೆಯನ್ನು ಹವಳಕ್ಕೆ ತಾಕಿಸದೆ, ನಿಮಿಷಕ್ಕೆ ಹತ್ತು ಮೀಟರಿನಂತೆ ಸಾಗುತ್ತಾನೆ. ವೇಗ ಹೆಚ್ಚಿದರೆ ಚಿತ್ರ ಕಲಸಿಹೋಗುತ್ತದೆ. ಎತ್ತರ ಹೆಚ್ಚಿದರೆ ನೀರಿನ ನೀಲಿ ಅಡ್ಡಬರುತ್ತದೆ. ಕೆಂಪು ಬೆಳಕನ್ನು ನೀರು ಮೊದಲ ಕೆಲವು ಮೀಟರುಗಳಲ್ಲಿಯೇ ನುಂಗಿಬಿಡುವುದರಿಂದ, ಕೆಂಗಂದು ಬಣ್ಣದ ಸುಣ್ಣಪಾಚಿಯೂ ಕಂದು ಬಣ್ಣದ ಹವಳವೂ ಒಂದೇ ಬೂದಿಬಣ್ಣಕ್ಕೆ ತಿರುಗದಂತೆ ಬಣ್ಣವನ್ನು ಸರಿಪಡಿಸಿಕೊಳ್ಳುವುದು ಮೊದಲ ಕೆಲಸ. ಚಿತ್ರಿಸಲು ಐದು ನಿಮಿಷ ಸಾಕು. ಗಾಳಿಯ ಸಿಲಿಂಡರಿನ ಮಿತಿಯಲ್ಲಿ ಬದುಕುವ ಮುಳುಗುಗಾರನಿಗೆ ಇದು ದೊಡ್ಡ ಅನುಕೂಲ. ಗುರುತಿಸುವ, ಎಣಿಸುವ, ವಾದಿಸುವ ಕೆಲಸವೆಲ್ಲ ದಡಕ್ಕೆ ಬಂದ ಮೇಲೆ.

ದಡದ ಮೇಲಣ ಕೆಲಸ ಹೀಗೆ. ಓಡುವ ಚಿತ್ರವನ್ನು ಸಮಾನ ಅಂತರದಲ್ಲಿ ನಿಲ್ಲಿಸಿ, ನಿಂತ ಚಿತ್ರದ ಮೇಲೆ ಮೊದಲೇ ನಿಗದಿಯಾದ ಐದು ಬಿಂದುಗಳನ್ನು ಇಟ್ಟು, ಪ್ರತಿಯೊಂದು ಬಿಂದುವಿನ ಕೆಳಗೆ ಏನಿದೆ, ಜೀವಂತ ಹವಳವೇ, ಸತ್ತ ಹವಳವೇ, ಪಾಚಿಯೇ, ಮರಳೇ ಎಂಬುದನ್ನು ಬರೆದುಕೊಳ್ಳುತ್ತಾರೆ. ಒಂದು ರೇಖೆಗೆ 200 ಬಿಂದುಗಳಿದ್ದು ಅವುಗಳಲ್ಲಿ 64 ಜೀವಂತ ಹವಳದ ಮೇಲೆ ಬಿದ್ದರೆ, ಹವಳದ ಹೊದಿಕೆ ಶೇಕಡಾ 32 ಎಂದು ಲೆಕ್ಕ. ಈ ಲೆಕ್ಕವು ಒಂದೇ ವರ್ಷದ್ದಾದರೆ ಅದಕ್ಕೆ ಹೆಚ್ಚಿನ ಬೆಲೆಯಿಲ್ಲ. ಅಯ್ಯನಕೆರೆಯ ನೀರನ್ನು ಈ ವರ್ಷ ತೂಬಿನ ಕಲ್ಲಿನ ಮೇಲೂ ಮರುವರ್ಷ ಕೋಡಿಯ ಬಳಿಯೂ ಅಳೆದವನು ಕೆರೆ ಏರಿತೋ ಇಳಿಯಿತೋ ಹೇಳಲಾರನಷ್ಟೆ. ದಿಬ್ಬದ ವಿಷಯವೂ ಹಾಗೆಯೇ ಆಗಿ, ಗೂಟ ಕಳೆದುಹೋದ ರೇಖೆಯ ಹತ್ತು ವರ್ಷಗಳ ಚಿತ್ರವು ಒಂದೇ ದಿನದಲ್ಲಿ ತನ್ನ ಅರ್ಥದ ಅರ್ಧವನ್ನು ಕಳೆದುಕೊಳ್ಳುತ್ತದೆ.

ಇಂಥ ಸರಣಿಗಳಿಂದ ದೊರೆತ ಫಲಿತಾಂಶಗಳು ಸಂತೋಷಕರವಾದುವಲ್ಲ. ಅಮೆರಿಕದ ಫ್ಲಾರಿಡಾ ಕೀಸ್ ಎಂಬ ದ್ವೀಪಮಾಲೆಯಲ್ಲಿ 1996ರಲ್ಲಿ ಆರಂಭವಾದ ವಿಡಿಯೊ ಸಮೀಕ್ಷೆಯು, 2000ದ ಹೊತ್ತಿಗೆ ಗಟ್ಟಿ ಹವಳದ ಹೊದಿಕೆಯಲ್ಲಿ ಮೂರನೆಯ ಒಂದು ಪಾಲಿಗೂ ಮಿಕ್ಕಿ ಇಳಿತವಾಗಿದೆಯೆಂದು ತೋರಿಸಿತು. ನಡುವಣ ಅವಧಿಯಲ್ಲಿ ಬಿಳಿಚುವಿಕೆಯೂ 1998ರ ಜಾರ್ಜಸ್ ಚಂಡಮಾರುತವೂ ಹಾದುಹೋಗಿದ್ದುವು. ಮಹಾ ತಡೆದಿಬ್ಬದಲ್ಲಿ, ದೋಣಿಯ ಹಿಂದೆ ಹಲಗೆ ಹಿಡಿದು ತೇಲುತ್ತ ದಿಬ್ಬದ ಅಂಚನ್ನೆಲ್ಲ ಕಣ್ಣಳತೆಯಿಂದ ಅಂದಾಜಿಸುವ ಬೇರೊಂದು ಕ್ರಮದ ಅಂಕಿಗಳನ್ನು ಒಟ್ಟುಗೂಡಿಸಿ ನೋಡಿದಾಗ, 1985ರಲ್ಲಿ ಶೇಕಡಾ 28 ಇದ್ದ ಹವಳದ ಹೊದಿಕೆ 2012ರಲ್ಲಿ ಶೇಕಡಾ 14ಕ್ಕೆ ಬಂದಿದ್ದಿತು. ಇದಕ್ಕೆ ಚಂಡಮಾರುತ, ಹವಳವನ್ನು ತಿನ್ನುವ ಮುಳ್ಳುಕಿರೀಟದ ನಕ್ಷತ್ರಮೀನು, ಬಿಳಿಚುವಿಕೆ, ಈ ಮೂರೂ ಕಾರಣಗಳಾಗಿದ್ದುವು. ಕಣ್ಣಳತೆಗಿಂತ ಚಿತ್ರವು ಮೇಲೆಂದು ಇಲ್ಲಿ ಅವಸರಪಡಬಾರದು. ಕಣ್ಣಳತೆ ಬೇಗ ಬಹಳ ದೂರವನ್ನು ಸುತ್ತುತ್ತದೆ, ಚಿತ್ರವು ಸ್ವಲ್ಪ ಸ್ಥಳವನ್ನು ಸೂಕ್ಷ್ಮವಾಗಿ ಹಿಡಿಯುತ್ತದೆ. ಒಂದರ ಕೊರತೆಯನ್ನು ಮತ್ತೊಂದು ತುಂಬುವುದರಿಂದ ಆಸ್ಟ್ರೇಲಿಯಾದ ಆ ಸಂಸ್ಥೆಯವರು ಎರಡನ್ನೂ ಉಳಿಸಿಕೊಂಡರು.

ನೆಲಕ್ಕೆ ಅಂಟಿದ ಹವಳವನ್ನು ಚಿತ್ರಿಸಿದಷ್ಟು ಸುಲಭವಲ್ಲ ಮೀನುಗಳ ಲೆಕ್ಕ. ಗುಳ್ಳೆಗಳನ್ನು ಬಿಡುತ್ತ ಬರುವ ಮುಳುಗುಗಾರನನ್ನು ಕಂಡು ಕೆಲವು ಮೀನುಗಳು ಓಡುತ್ತವೆ, ಕೆಲವು ಕುತೂಹಲದಿಂದ ಹತ್ತಿರ ಬರುತ್ತವೆ. ಎರಡರಿಂದಲೂ ಎಣಿಕೆ ಕೆಡುತ್ತದೆ. ತತ್ಪ್ರಯುಕ್ತ ಮುಳುಗುಗಾರನನ್ನೇ ಹೊರಗಿಟ್ಟು, ಚೌಕಟ್ಟಿಗೆ ಕ್ಯಾಮೆರಾ ಬಿಗಿದು, ಅದರ ಮುಂದೆ ಕೋಲಿನ ತುದಿಯ ಜಾಳಿಗೆಯಲ್ಲಿ ಜಜ್ಜಿದ ಬೂತಾಯಿಯಂಥ ಎಣ್ಣೆಮೀನನ್ನು ಎರೆಯಾಗಿ ತೂಗಿಸಿ, ಹಗ್ಗದಿಂದ ಕೆಳಗಿಳಿಸಿ, ಒಂದು ಗಂಟೆಯ ಹೊತ್ತು ಬಿಟ್ಟು ಎತ್ತಿಕೊಳ್ಳುವ ಪದ್ಧತಿ ರೂಢಿಗೆ ಬಂದಿತು. ಒಂದೇ ಮೀನು ಹತ್ತು ಸಲ ಬಂದುಹೋದರೆ ಹತ್ತು ಮೀನೆಂದು ಎಣಿಸದಿರುವ ಸಲುವಾಗಿ, ಯಾವುದಾದರೂ ಒಂದು ಕ್ಷಣದಲ್ಲಿ ಏಕಕಾಲಕ್ಕೆ ಕಂಡ ಆ ಜಾತಿಯ ಗರಿಷ್ಠ ಸಂಖ್ಯೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಎರಡು ಕ್ಯಾಮೆರಾಗಳನ್ನು ತುಸು ಒಳಮುಖವಾಗಿ ಜೋಡಿಸಿದರೆ ಮೀನಿನ ಉದ್ದವನ್ನೂ ಅಳೆಯಬಹುದು. ನಮ್ಮ ಎರಡು ಕಣ್ಣುಗಳು ದೂರವನ್ನು ಅರಿಯುವ ತತ್ತ್ವವೇ ಇಲ್ಲಿಯದೂ. ಶಾರ್ಕ್‌ಗಳನ್ನು ಕುರಿತು 2015ರಲ್ಲಿ ಪ್ರಾರಂಭವಾದ ಜಾಗತಿಕ ಸಮೀಕ್ಷೆಯೊಂದು 58 ದೇಶಗಳ 371 ದಿಬ್ಬಗಳಲ್ಲಿ ಇಂಥ ಕ್ಯಾಮೆರಾಗಳನ್ನು ಇಳಿಸಿ, ಐದರಲ್ಲೊಂದು ಪಾಲು ದಿಬ್ಬಗಳಲ್ಲಿ ಶಾರ್ಕ್‌ಗಳೇ ಕಾಣಲಿಲ್ಲವೆಂದು 2020ರಲ್ಲಿ ವರದಿಮಾಡಿತು.

ಇನ್ನೂ ಒಂದು ಹೆಜ್ಜೆ ಮುಂದುವರಿದು ಕ್ಯಾಮೆರಾವನ್ನು ಕಡಲಿನಲ್ಲೇ ಬಿಟ್ಟುಬಿಡುವವರೂ ಇದ್ದಾರೆ. ತೈವಾನಿನ ದಕ್ಷಿಣ ತೀರದ ದಿಬ್ಬಗಳಲ್ಲಿ ನೆಟ್ಟ ಕ್ಯಾಮೆರಾಗಳಿಂದ ಎಂಬತ್ತು ಸಾವಿರ ಗಂಟೆಗಳಿಗೂ ಮಿಕ್ಕಿದ ಚಿತ್ರ ಸಂಗ್ರಹವಾದಾಗ, ಅದನ್ನು ಕಣ್ಣಿನಿಂದ ನೋಡಿ ಮುಗಿಸುವುದು ಅಸಾಧ್ಯವೆಂಬುದು ಸ್ಪಷ್ಟವಾಗಿ, ಮೀನನ್ನು ಗುರುತಿಸಲು ಗಣಕಯಂತ್ರಕ್ಕೆ ಕಲಿಸುವ ಯೋಜನೆಯೊಂದನ್ನು ಯೂರೋಪಿನ ವಿದ್ವಾಂಸರೊಡನೆ ಸೇರಿ ಕೈಗೊಳ್ಳಲಾಯಿತು. ಮಯಾಮಿ ಬಂದರಿನಲ್ಲಿ 2020ರಿಂದ ನೇರಪ್ರಸಾರ ಮಾಡುತ್ತಿರುವ ಕ್ಯಾಮೆರಾ ಇನ್ನೊಂದು ನಿದರ್ಶನ; ಹಡಗುಗಳು ಹಾದುಹೋಗುವ ಕಾಲುವೆಯ ಮಗ್ಗುಲಲ್ಲಿಯೂ ಹವಳ ಬದುಕಿರುವುದನ್ನು ಅದು ಮನೆಯಲ್ಲಿ ಕುಳಿತವರಿಗೆ ತೋರಿಸುತ್ತಿದೆ. ಇಂಥ ಕ್ಯಾಮೆರಾಗಳ ಪರಮಶತ್ರು ಕಡಲಿನ ಜೀವಿಗಳೇ. ಗಾಜಿನ ಮೇಲೆ ಕೆಲವೇ ದಿನಗಳಲ್ಲಿ ಪಾಚಿಯ ಲೋಳೆ ಕಟ್ಟುತ್ತದೆ, ಅದರ ಬೆನ್ನಿಗೆ ಬಾರ್ನಕಲ್‌ಗಳು ಬಂದು ನೆಲೆಸುತ್ತವೆ. ಒರಸುವ ಯಂತ್ರವನ್ನೋ ಒರಸುವ ಮನುಷ್ಯನನ್ನೋ ನೇಮಿಸದೆ ಗತಿಯಿಲ್ಲ.

ವಿಡಿಯೊವಿನ ದೋಷಗಳನ್ನೂ ಹೇಳಬೇಕು. ಮೇಲಿನಿಂದ ನೋಡುವ ಕ್ಯಾಮೆರಾಕ್ಕೆ ಚಾಚುಬಂಡೆಯ ಅಡಿಯ ಜೀವಲೋಕ ಕಾಣದು. ಜಾತಿಗಳನ್ನು ನಿಶ್ಚಯವಾಗಿ ಗುರುತಿಸಲು ಹಲವೊಮ್ಮೆ ಬಟ್ಟಲಿನ ಒಳಗಣ ಗೀರುಗಳನ್ನೇ ನೋಡಬೇಕಾಗುವುದರಿಂದ, ವಿಡಿಯೊವನ್ನು ಓದುವವರು ಬಹುಮಟ್ಟಿಗೆ ಕವಲುಹವಳ, ಗುಂಡುಹವಳ, ಹಾಸುಹವಳ ಎಂಬ ಆಕಾರಭೇದದಲ್ಲೇ ತೃಪ್ತಿಪಡಬೇಕಾಗುತ್ತದೆ. ಇವುಗಳಿಗಿಂತ ಕುಟಿಲವಾದ ದೋಷ ಒಂದಿದೆ: ಕ್ಯಾಮೆರಾಗಳೇ ಕಾಲಕಾಲಕ್ಕೆ ಬದಲಾಗುತ್ತವೆ. ಹಳೆಯ ಕಾಂತಪಟ್ಟಿಯ ಮಸುಕು ಚಿತ್ರದಲ್ಲಿ ಸತ್ತ ಹವಳದಂತೆ ತೋರಿದ್ದು ಹೊಸ ಡಿಜಿಟಲ್ ಚಿತ್ರದಲ್ಲಿ ಎಳೆಯ ಹವಳವೆಂದು ತಿಳಿದುಬರಬಹುದು. ಆಗ ದಿಬ್ಬ ಚೇತರಿಸಿತೆಂದು ಹಿಗ್ಗುವವನು ವಾಸ್ತವವಾಗಿ ಗಾಜಿನ ಗುಣವನ್ನು ಹೊಗಳಿದಂತಾಗುತ್ತದೆ. ಆದಕಾರಣ ಹಳೆಯದನ್ನು ಕೈಬಿಡುವ ಮುನ್ನ ಎರಡೂ ಕ್ಯಾಮೆರಾಗಳಿಂದ ಅದೇ ರೇಖೆಗಳನ್ನು ಜೊತೆಜೊತೆಯಾಗಿ ಚಿತ್ರಿಸಿ ವ್ಯತ್ಯಾಸವನ್ನು ಕಂಡುಕೊಳ್ಳುವುದು ಕಡ್ಡಾಯವೆನ್ನಬೇಕು. ಸುರುಳಿಗಳನ್ನು ಕಾಪಾಡುವ ಮಾತು ಬೇರೆ. ಕಾಂತಪಟ್ಟಿ ಸವೆಯುತ್ತದೆ, ಅದನ್ನು ಓಡಿಸುವ ಯಂತ್ರ ಅಂಗಡಿಯಿಂದ ಅದಕ್ಕೂ ಮೊದಲೇ ಮಾಯವಾಗುತ್ತದೆ.

ಭಾರತದಲ್ಲಿ ಹವಳದ ದಿಬ್ಬಗಳು ಮುಖ್ಯವಾಗಿ ಕಚ್ಛ್ ಕೊಲ್ಲಿ, ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿ, ಅಂಡಮಾನ್ ನಿಕೋಬಾರ್, ಲಕ್ಷದ್ವೀಪ ಎಂಬ ನಾಲ್ಕು ಕಡೆಗಳಲ್ಲಿವೆ. ಲಕ್ಷದ್ವೀಪವು ಕನ್ನಡಿಗರಿಗೆ ತೀರ ಪರಕೀಯವಾದುದಲ್ಲ. ಅಮೀನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಅಲ್ಲಿಯ ಜನ ತೆಂಗಿನ ನಾರನ್ನು ಹಾಯಿದೋಣಿಗಳಲ್ಲಿ ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. ಈಗ ಅಲ್ಲಿಯ ದಿಬ್ಬಗಳ ದೀರ್ಘಕಾಲದ ಸಮೀಕ್ಷೆಯೂ ಕನ್ನಡ ನಾಡಿನೊಂದಿಗೆ ನಂಟುಳ್ಳದ್ದೇ ಆಗಿದೆ. 1996ರಲ್ಲಿ ಸ್ಥಾಪಿತವಾಗಿ ಮೈಸೂರಿನಲ್ಲಿ ಕಾರ್ಯಾಲಯವುಳ್ಳ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ರೋಹನ್ ಆರ್ಥರ್ ಮತ್ತು ಅವರ ಸಂಗಡಿಗರು 1998ರ ಬಿಳಿಚುವಿಕೆಯಿಂದೀಚೆಗೆ ಅಗತ್ತಿ, ಕದಮತ್, ಕವರತ್ತಿ ದ್ವೀಪಗಳ ದಿಬ್ಬಗಳಿಗೆ ಮತ್ತೆ ಮತ್ತೆ ಮುಳುಗಿ ನೋಡುತ್ತ ಬಂದಿದ್ದಾರೆ. 1998ರಲ್ಲಿ ಶೇಕಡಾ 37ರಷ್ಟಿದ್ದ ಹವಳದ ಹೊದಿಕೆ 2022ರಲ್ಲಿ ಶೇಕಡಾ 20ರ ಒಳಕ್ಕೆ ಇಳಿದಿದ್ದಿತು. ಇದಕ್ಕಿಂತ ಗಮನಾರ್ಹವಾದ ಅಂಶವೆಂದರೆ, 1998, 2010, 2016ರ ಮೂರು ಬಿಳಿಚುವಿಕೆಗಳಲ್ಲಿ ಒಂದೊಂದರಲ್ಲಿಯೂ ಸತ್ತ ಹವಳದ ಪ್ರಮಾಣ ಹಿಂದಿನದಕ್ಕಿಂತ ಕಡಿಮೆಯಾಗುತ್ತ ಬಂದರೂ, ಚೇತರಿಕೆಯ ವೇಗವೂ ಅದರ ಸಂಗಡವೇ ಕುಗ್ಗುತ್ತ ಬಂದಿತೆಂಬುದು. ಬಿಳಿಚುವಿಕೆಯಿಲ್ಲದ ಆರು ವರ್ಷಗಳಾದರೂ ಸತತವಾಗಿ ದೊರೆತಲ್ಲದೆ ದಿಬ್ಬಕ್ಕೆ ಚುರುಕು ಬರಲಿಲ್ಲ. ಇಂಥ ಮಾತನ್ನು ಒಂದು ಸಲದ ಸಮೀಕ್ಷೆಯಿಂದ, ಅದು ಎಷ್ಟೇ ವಿಸ್ತಾರವಾಗಿರಲಿ, ಯಾರೂ ಹೇಳಲಾರರು.

ಕರ್ನಾಟಕದ ಸ್ವಂತ ನೆಲೆಗಳು ಚಿಕ್ಕವು. ಮಲ್ಪೆಯ ಪಶ್ಚಿಮಕ್ಕೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಮುಳುಗಿರುವ ಗವೇಷಣಿ ದಿಬ್ಬದ ಮೇಲೆ ಜೀವಂತ ಹವಳವಿದೆಯೆಂಬುದನ್ನು ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1978ರಲ್ಲಿ ಪ್ರಕಟಿಸಿದರು. ಅವರ ಸಂಶೋಧನಾ ನೌಕೆಯ ಹೆಸರೇ ದಿಬ್ಬಕ್ಕೂ ನಿಂತಿತು. ಕೈಗೆಟುಕುವ ನೆಲೆಯೆಂದರೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ. ಆಂಗ್ಲರು ಪಾರಿವಾಳ ದ್ವೀಪವೆಂದು ಕರೆದ ಈ ಕಡಿದಾದ ಬಂಡೆಗುಡ್ಡದ ಮೇಲೆ ಬಿಳಿಹೊಟ್ಟೆಯ ಕಡಲಹದ್ದುಗಳೂ, ಮೀನುಗಾರರು ಹರಕೆಗೆಂದು ಬಿಟ್ಟ ಆಡುಗಳ ಸಂತತಿಯೂ ಇವೆ. ನೀರಿನೊಳಗೆ ಬಂಡೆಗಳ ಮೈಗೆ ಅಂಟಿಕೊಂಡು ಹವಳಗಳು, ಅವುಗಳ ಸುತ್ತ ಗಿಳಿಮೀನು, ಚಿಟ್ಟೆಮೀನು, ಕರಾವಳಿಯಲ್ಲಿ ಮುರು ಎನ್ನುವ ದಪ್ಪತುಟಿಯ ಬಂಡೆಮೀನು. ಇಲ್ಲಿಯ ಜೀವಿಸಮುದಾಯವನ್ನು ಕುರಿತು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸಿದ್ಧಪಡಿಸಿದ ಸಮೀಕ್ಷೆ 2008ರಲ್ಲಿ ಅಚ್ಚಾಯಿತು. ದಿಬ್ಬ ಕಟ್ಟುವ ಹವಳಗಳಿಗೆ 2001ರಿಂದೀಚೆಗೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯ ರಕ್ಷಣೆಯಿದೆ. ಮುರುಡೇಶ್ವರದಿಂದ ಹೊರಡುವ ಸ್ಕೂಬಾ ದೋಣಿಗಳಲ್ಲಿ ಹೋದವರಿಗೆಲ್ಲ ಈಗ ನೀರೊಳಗಣ ವಿಡಿಯೊವೊಂದು ದೊರೆಯುತ್ತದೆ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ಗಂಧದ ಗುಡಿಯಿಂದ ಈ ಜಲಲೋಕ ಕರಾವಳಿಯನ್ನೇ ಕಾಣದವರ ಕಣ್ಣಿಗೂ ಬಿದ್ದಿತು. ಪ್ರವಾಸಿಗನ ವಿಡಿಯೊವಿನ ನಡುವೆ ಇರುವುದು ಪ್ರವಾಸಿಗನ ಮುಖ. ಹಾಗಿದ್ದರೂ ಹಿನ್ನೆಲೆಯ ಬಂಡೆ ಗುರುತಿಸುವಂತಿದ್ದು, ದಿನಾಂಕ, ಆಳ, ನೀರಿನ ಶಾಖ ಇಷ್ಟನ್ನು ಬರೆದಿಟ್ಟಿದ್ದರೆ, ಅಂಥ ಚಿತ್ರವೂ ಒಂದು ಸಾಕ್ಷಿಯಾಗಬಲ್ಲುದು.

ನೇತ್ರಾಣಿಯ ವೀಕ್ಷಣೆಗೆ ದೊಡ್ಡ ತೊಡಕು ಮಳೆಗಾಲ. ಕಡೂರು ಸೀಮೆಯ ನೀರು ವೇದಾವತಿಯ ಮೂಲಕ ಪೂರ್ವಕ್ಕೆ ಹರಿದು ಕೊನೆಗೆ ಬಂಗಾಳ ಕೊಲ್ಲಿಯನ್ನು ಸೇರುವಂಥದು. ಆದರೆ ಅದೇ ಜಿಲ್ಲೆಯ ಪಶ್ಚಿಮದ ಏಣು ದಾಟಿದರೆ ನೇತ್ರಾವತಿಯೂ, ಇನ್ನೂ ಉತ್ತರಕ್ಕೆ ಶರಾವತಿಯೂ ಘಟ್ಟದ ಮಣ್ಣನ್ನು ಹೊತ್ತು ಅರಬ್ಬಿ ಸಮುದ್ರಕ್ಕೆ ಇಳಿಯುತ್ತವೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಡಲು ಕದಡಿ, ದೋಣಿಗಳು ದಡ ಸೇರಿ, ಮುಳುಗುವ ಮಾತೇ ಇರುವುದಿಲ್ಲ. ಈ ಕರಾವಳಿಯಲ್ಲಿ ನೀರು ಅತ್ಯಂತ ಬಿಸಿಯಾಗುವುದು ಏಪ್ರಿಲ್ ಮೇ ತಿಂಗಳುಗಳಲ್ಲಿ, ಅಂದರೆ ಕಡಲು ಮುಚ್ಚುವುದಕ್ಕೆ ಕೆಲವೇ ವಾರಗಳ ಮುನ್ನ. ಮೇ ತಿಂಗಳ ಕೊನೆಯ ಚಿತ್ರದಲ್ಲಿ ಬೆಳ್ಳಗೆ ಕಂಡ ಹವಳವು ಜುಲೈ ವೇಳೆಗೆ ಸತ್ತಿತೋ ಚೇತರಿಸಿತೋ ಕ್ಯಾಮೆರಾಕ್ಕೆ ತಿಳಿಯದು; ನೀರು ತಿಳಿಯಾಗುವ ನವೆಂಬರಿನಲ್ಲಿ ಇಳಿದು ನೋಡುವಷ್ಟರಲ್ಲಿ ಸತ್ತ ಕಂಕಾಲದ ಮೇಲೆ ಪಾಚಿ ಹಬ್ಬಿ, ಶಾಖದಿಂದ ಸತ್ತುದಾವುದು, ಹೂಳು ಕವಿದು ಸತ್ತುದಾವುದು, ಲಂಗರು ತಾಗಿ ಮುರಿದುದಾವುದು ಎಂಬುದನ್ನು ಬೇರ್ಪಡಿಸುವುದು ಕಷ್ಟವಾಗಿರುತ್ತದೆ. ಆದುದರಿಂದ ಇಂಥ ಕರಾವಳಿಯಲ್ಲಿ ಮಳೆಗೆ ಮುಂಚಿನದೊಂದು, ಮಳೆ ಕಳೆದೊಡನೆಯದೊಂದು, ಹೀಗೆ ವರ್ಷಕ್ಕೆ ಎರಡು ಸಲ ಅದೇ ರೇಖೆಗಳನ್ನು ಚಿತ್ರಿಸಿ, ನಡುವಣ ನಾಲ್ಕೈದು ತಿಂಗಳುಗಳ ಕತ್ತಲೆಗೆ ಬಂಡೆಗೆ ಬಿಗಿದ ಶಾಖಮಾಪಕವೊಂದನ್ನು ಕಾವಲಿಡುವುದೇ ಕಾರ್ಯಸಾಧ್ಯವಾದ ಕ್ರಮ.